ಮೊದಲ ಸಾವಿರ ಕಿಲೋಮೀಟರು

ನನ್ನ ಹೆಸರು ಕೇಳಿದೊಡನೆ ನಮ್ಮ ಸಂಘದ ಪತ್ರಿಕೆಯ ಸಂಪಾದಕರಿಗೆ ನೆನಪಾಗುವುದು ಅಡುಗೆಮನೆ. ಯುಗಾದಿ ವಿಶೇಷಾಂಕಕ್ಕೆ ಹೋಳಿಗೆ, ದೀಪಾವಳಿ ಸಂಚಿಕೆಗೆ ಕರದಂಟು, ಹೀಗೆ ನಡೆದು ಬಂದಿದೆ. ಈ ಸಲ ಅವರು ಫೋನು ಮಾಡಿ, "ನಮ್ಮ ಯುವಕ ಯುವತಿಯರಿಗಾಗಿ ಏನಾದರೂ ಬರೆದುಕೊಡಿ" ಎಂದರು. "ಮೋಟರ್ ಸೈಕಲ್ಲಿನ ಇಂಜಿನ್ ಬಗ್ಗೆ ಬರೆಯಲೇ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನೀವು ಓದಿದ್ದು ಬಿ.ಎ. ಇಂಗ್ಲಿಷ್ ಅಲ್ಲವೇ?" ಎಂದರು.

ಹೌದು, ಓದಿದ್ದು ಅದನ್ನೇ. ಆದರೆ ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿದವರ ಜೊತೆ ಸಂಸಾರ ಮಾಡಿದ್ದೇನೆ. ಅವರ ಅಂಗಿಯ ಮೇಲಿನ ಆಯಿಲ್ ಕಲೆಗಳನ್ನು ಉಜ್ಜಿ ಉಜ್ಜಿ ತೆಗೆದವಳು ನಾನೇ. ಅಷ್ಟು ಅಧಿಕಾರ ನನಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಇದಕ್ಕೆ ಕಾರಣನಾದವನು ನಮ್ಮ ಚಿರಂಜೀವಿ. ಕೆಲಸಕ್ಕೆ ಸೇರಿದ ಮೇಲೆ ತನ್ನ ದುಡ್ಡಿನಲ್ಲೇ ಒಂದು ಮೋಟರ್ ಸೈಕಲ್ ಕೊಂಡ. ಮನೆ ಮುಂದೆ ತಂದು ನಿಲ್ಲಿಸಿದ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ತೆಂಗಿನಕಾಯಿ ಒಡೆದೆವು. ಮೀಟರಿನಲ್ಲಿ 11 ಕಿಲೋಮೀಟರ್ ತೋರಿಸುತ್ತಿತ್ತು. ಆರತಿ ತಟ್ಟೆ ಕೆಳಗಿಡುವ ಮೊದಲೇ ಅವನು ಹೇಳಿದ:

"ಅಮ್ಮಾ, ನಾಳೆ ನಸುಕಿನಾಗ ಹೊರಟು ಮಧ್ಯಾಹ್ನ ಊಟದ ಹೊತ್ತಿಗೆ ಧಾರವಾಡದಾಗ ಇರ್ತೀನಿ. ಅಜ್ಜಿಗೆ ಫೋನ್ ಮಾಡಿ ಹೇಳೇಬಿಟ್ಟೀನಿ."

ಪುಣೆಯಿಂದ ಧಾರವಾಡಕ್ಕೆ ಸುಮಾರು 430 ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ, ಹುಡುಗನೂ ಗಟ್ಟಿ. ಆದರೂ ನಮ್ಮ ಮನೆಯವರು ಕೈಯಲ್ಲಿದ್ದ ಪೇಪರ್ ಮಡಿಚಿ ನನ್ನ ಮುಖ ನೋಡಿದರು. ಇಬ್ಬರಿಗೂ ನೆನಪಾದದ್ದು ಒಂದೇ ಜಾಗ, ಹಳೆಯ ಕಾತ್ರಜ್ ಘಾಟ್.

"ಗಾಡಿ ಹೊಸದದ. ಒಂದೆರಡು ವಾರ ಇಲ್ಲೇ ಊರಾಗ ಓಡಸು" ಎಂದರು ಅವರು.

"ಅಪ್ಪಾ, ಅದೆಲ್ಲಾ ನಿಮ್ಮ ಕಾಲದ ಸ್ಕೂಟರಿಗೆ. ಈಗಿನ ಇಂಜಿನ್ ಹಂಗಿರೂದಿಲ್ಲ. ಉಗಾಚ್ ಹೆದರಸ್ತೀರಿ ನೀವು!"

ಕಾತ್ರಜ್ ಘಾಟಿನ ಪಾಠ

1993ರ ಏಪ್ರಿಲ್. ಮದುವೆಯಾಗಿ ಒಂದು ವರ್ಷವಾಗಿತ್ತು. ಆಗಷ್ಟೇ ಹೊಸ ಸ್ಕೂಟರ್ ಬಂದಿತ್ತು. ಆ ಕಾಲದಲ್ಲಿ ಹೊಸ ಸ್ಕೂಟರ್ ಎಂದರೆ ಮನೆಗೆ ಸೊಸೆ ಬಂದಷ್ಟೇ ಸಂಭ್ರಮ. ಮೊದಲ ಸಾವಿರ ಕಿಲೋಮೀಟರಿನವರೆಗೆ ಗಂಟೆಗೆ 40ರ ಒಳಗೆ ಓಡಿಸಬೇಕು, ಹೆಚ್ಚು ಭಾರ ಹೇರಬಾರದು ಎಂದು ಎಲ್ಲರೂ ಹೇಳುತ್ತಿದ್ದರು. ಇದಕ್ಕೆ ರನ್ನಿಂಗ್-ಇನ್ ಎಂದು ಹೆಸರು. ಹೊಸ ಕಾರುಗಳ ಹಿಂದಿನ ಗಾಜಿನ ಮೇಲೆ ಆ ಎರಡು ಪದಗಳನ್ನು ಬರೆದು ಅಂಟಿಸುತ್ತಿದ್ದರು, ಹಿಂದಿನವರು ಹಾರ್ನ್ ಹೊಡೆಯದಿರಲಿ ಎಂದು.

ನಮ್ಮವರಿಗೆ ಇದೆಲ್ಲ ಗೊತ್ತಿತ್ತು. ಕೆಲಸವೇ ಅದು! ಆದರೆ ಸಾತಾರೆಯಲ್ಲಿ ನಮ್ಮ ಸಂಬಂಧಿಕರ ಮನೆಯ ಗೃಹಪ್ರವೇಶ, ಮುಹೂರ್ತ ಹನ್ನೊಂದಕ್ಕೆ. ನಾನು ಸೀರೆ ಉಡುವುದಕ್ಕೆ ತಡ ಮಾಡಿದೆ ಎಂದು ಅವರು ಇಂದಿಗೂ ಹೇಳುತ್ತಾರೆ. ಮೀಟರಿನಲ್ಲಿ ಇನ್ನೂ 300 ಆಗಿರಲಿಲ್ಲ. ಇಬ್ಬರು, ಒಂದು ದೊಡ್ಡ ಚೀಲ, ಏಪ್ರಿಲ್ ಬಿಸಿಲು, ಮೇಲೆ ಘಾಟಿನ ಏರು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿಯೇ ಹೋಗುತ್ತಿದ್ದರು. ಒಂದು ತಿರುವಿನಲ್ಲಿ ಇಂಜಿನ್ನಿನ ಸದ್ದು ಕುಗ್ಗಿತು, ಮರುಕ್ಷಣ ಹಿಂದಿನ ಚಕ್ರ ಸಿಕ್ಕಿಹಾಕಿಕೊಂಡಂತೆ ನಿಂತುಬಿಟ್ಟಿತು. ಸ್ಕೂಟರ್ ಅಡ್ಡಡ್ಡ ಜಾರಿತು, ನಾನು ರಸ್ತೆಗೆ ಬಿದ್ದೆ. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ಬ್ರೇಕ್ ಒತ್ತಿದ. ಅದರ ಮುಂದಿನ ಚಕ್ರ ನಿಂತದ್ದು ನನ್ನಿಂದ ನಾಲ್ಕು ಮೊಳ ದೂರದಲ್ಲಿ. ಮೊಣಕಾಲಿಗೆ ಆರು ಹೊಲಿಗೆ ಬಿತ್ತು, ಗುರುತು ಇನ್ನೂ ಇದೆ. ಆ ಡ್ರೈವರನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಅವನು ನನಗಿಂತ ಹೆಚ್ಚು ಹೆದರಿದ್ದ.

ಏನಾಗಿತ್ತು? ಪಿಸ್ಟನ್ ಜಾಮ್ ಆಗಿತ್ತು. ಹೊಸ ಪಿಸ್ಟನ್, ಹೊಸ ಸಿಲಿಂಡರ್ ಇನ್ನೂ ಒಂದಕ್ಕೊಂದು ಹೊಂದಿಕೊಂಡಿರಲಿಲ್ಲ. ತಿಕ್ಕಾಟ ಹೆಚ್ಚು, ಅದರಿಂದ ಶಾಖ ಹೆಚ್ಚು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರ್ ಎರಕದ ಕಬ್ಬಿಣದ್ದು. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಮ್ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ನಡುವೆ ಇದ್ದ ಕೂದಲೆಳೆಯಷ್ಟು ಜಾಗವೂ ಹೋಯಿತು, ಎಣ್ಣೆಯ ಪದರ ಹರಿಯಿತು, ಲೋಹಕ್ಕೆ ಲೋಹ ಕಚ್ಚಿಕೊಂಡಿತು. ತಪ್ಪು ಗಾಡಿಯದಲ್ಲ, ನಮ್ಮ ಅವಸರದ್ದು.

ನುಣುಪು ಎಂಬುದೇ ಸುಳ್ಳು

ಆಮೇಲೆ ನಾನು ಅವರನ್ನು ಕೇಳಿದ್ದೆ: "ಹೊಸ ವಸ್ತು ತಾನೇ ಎಲ್ಲಕ್ಕಿಂತ ಚೆನ್ನಾಗಿರಬೇಕು? ಕನ್ನಡಿಯ ಹಾಗೆ ಹೊಳೆಯುತ್ತದಲ್ಲ?" ಅದಕ್ಕೆ ಅವರು ಕೊಟ್ಟ ಉತ್ತರ ಮತ್ತು ಮುಂದೆ ನಾನು ನಿಘಂಟು ಪಕ್ಕಕ್ಕಿಟ್ಟುಕೊಂಡು ಅವರ ಪುಸ್ತಕಗಳಲ್ಲಿ ಓದಿದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಎರಡು ಹಲಸಿನ ಹಣ್ಣುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ದೂರದಿಂದ ನೋಡಿದವರಿಗೆ ಹಣ್ಣಿಗೆ ಹಣ್ಣು ತಾಗಿದೆ. ಹತ್ತಿರ ಬಂದು ನೋಡಿದರೆ ಮುಳ್ಳಿನ ತುದಿಗಳು ಮಾತ್ರ ತಾಗಿವೆ. ಎಷ್ಟೇ ನುಣ್ಣಗೆ ಕಾಣುವ ಲೋಹವೂ ಸೂಕ್ಷ್ಮದರ್ಶಕದ ಕೆಳಗೆ ಹೀಗೇ ಉಬ್ಬುತಗ್ಗು. ಆ ಉಬ್ಬುಗಳು ಹಲಸಿನ ಮುಳ್ಳಿನಷ್ಟು ಚೂಪಲ್ಲ, ನಮ್ಮ ಧಾರವಾಡದ ಕಡೆಯ ದಿಬ್ಬಗಳ ಹಾಗೆ ಮಂದ ಇಳಿಜಾರಿನವು. ಆದರೂ ನಿಜವಾಗಿ ತಾಗುವುದು ಆ ತುದಿಗಳಷ್ಟೇ. ಕಣ್ಣಿಗೆ ಕಾಣುವ ವಿಸ್ತಾರದಲ್ಲಿ ಅದು ತೀರಾ ಸಣ್ಣ ಪಾಲು. ಕೇಂಬ್ರಿಜ್ಜಿನ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗಗಳಿಂದ ತೋರಿಸಿ, 1950ರಲ್ಲಿ ಘರ್ಷಣೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು.

ಇಡೀ ಭಾರ ಆ ಕೆಲವೇ ತುದಿಗಳ ಮೇಲೆ ಬಿದ್ದರೆ ಏನಾಗಬೇಕು? ತುದಿಗಳು ಜಜ್ಜಿ ಚಪ್ಪಟೆಯಾಗುತ್ತವೆ, ಕೆಲವು ಮುರಿದು ಪುಡಿಯಾಗಿ ಎಣ್ಣೆಯಲ್ಲಿ ಸೇರುತ್ತವೆ. ಆದ್ದರಿಂದ ಹೊಸ ಯಂತ್ರದಲ್ಲಿ ಸವೆತ ಮೊದಮೊದಲಿಗೇ ಅತಿ ಹೆಚ್ಚು. ತುದಿಗಳು ತಗ್ಗಿದಂತೆ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಸವೆತದ ವೇಗ ಇಳಿಯುತ್ತದೆ, ಘರ್ಷಣೆಯೂ ಕಡಿಮೆಯಾಗುತ್ತದೆ. ಆಮೇಲೆ ವರ್ಷಗಟ್ಟಲೆ ಅದು ಒಂದೇ ಸಮನೆ, ತೀರಾ ನಿಧಾನವಾಗಿ ನಡೆಯುತ್ತದೆ. ಕಡೆಗೆ ಮುಪ್ಪಿನಲ್ಲಿ ಸವೆತ ಮತ್ತೆ ಏರುತ್ತದೆ. ಯಂತ್ರದ ಆಯುಸ್ಸಿನಲ್ಲಿ ಹೀಗೆ ಮೂರು ಕಾಲಗಳು. ಮೊದಲನೆಯದು ಎಲ್ಲಕ್ಕಿಂತ ಚಿಕ್ಕದು, ಆದರೆ ನಡುವಿನ ಕಾಲ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಅಡುಗೆಮನೆಗೆ ಇದು ಹೊಸ ವಿಷಯವೇ ಅಲ್ಲ. ಹೊಸ ಗ್ರೈಂಡರ್ ಬಂದ ದಿನ ನಾವು ಅದರಲ್ಲಿ ಇಡ್ಲಿ ಹಿಟ್ಟು ರುಬ್ಬುವುದಿಲ್ಲ. ಮೊದಲು ಒಂದೆರಡು ಹಿಡಿ ಅಕ್ಕಿ ನೀರು ಹಾಕಿ ರುಬ್ಬಿ ಚೆಲ್ಲುತ್ತೇವೆ, ಮತ್ತೆ ರುಬ್ಬಿ ಮತ್ತೆ ಚೆಲ್ಲುತ್ತೇವೆ. ಕಲ್ಲಿನ ಪುಡಿ ಹೋಗಿ, ಕಲ್ಲಿಗೆ ಕಲ್ಲು ಕೂತ ಮೇಲೆಯೇ ಉದ್ದಿನಬೇಳೆ.

ಎಣ್ಣೆಯ ಮೇಲೆ ತೇಲುವ ಕಬ್ಬಿಣ

ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಒಳ್ಳೆಯ ಪದ, ಮರೆಯಬೇಡಿ. ಹರಳೆಣ್ಣೆಯೂ ಆ ಕೆಲಸಕ್ಕೆ ಬರುತ್ತಿತ್ತು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಆಯಿಲಿನ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ.

ಎಣ್ಣೆ ಹಾಕಿದರೆ ಜಾರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಏಕೆ ಎಂಬುದು 1883ರವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಇಂಜಿನಿಯರ್ ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಬಿಡಲೆಂದು ಒಂದು ತೂತು ಕೊರೆಸಿದ್ದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವುದರ ಬದಲು ಆ ತೂತಿನಿಂದಲೇ ಮೇಲಕ್ಕೆ ಉಕ್ಕಿತು. ಬಿರಡೆ ಬಡಿದು ಮುಚ್ಚಿದರೆ ಬಿರಡೆಯನ್ನೂ ತಳ್ಳಿ ಹೊರಹಾಕಿತು! ಟವರನಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಅಲ್ಲಿ ಒತ್ತಡ ಅಳೆಯುವ ಮೀಟರ್ ಜೋಡಿಸಿ ನೋಡಿದ. ಬೇರಿಂಗಿನ ಮೇಲಿದ್ದ ಭಾರದ ಸರಾಸರಿ ಒತ್ತಡಕ್ಕಿಂತ ಎಣ್ಣೆಯ ಒತ್ತಡವೇ ಅಲ್ಲಿ ಹೆಚ್ಚಾಗಿತ್ತು. ಎಂದರೆ ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಮೇಲೆ ಭಾರವನ್ನೆಲ್ಲ ತೇಲಿಸುತ್ತಿತ್ತು. ಮೂರು ವರ್ಷಗಳ ನಂತರ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು.

ಇಲ್ಲಿ ಒಂದು ಷರತ್ತು ಇದೆ. ವೇಗ ಸಾಕಷ್ಟಿದ್ದರೆ ಮಾತ್ರ ಎಣ್ಣೆ ಹೀಗೆ ಎತ್ತಿ ಹಿಡಿಯುತ್ತದೆ. ನಿಂತಲ್ಲಿಂದ ಹೊರಡುವಾಗ, ತೀರಾ ನಿಧಾನವಾದಾಗ, ಪಿಸ್ಟನ್ ಮೇಲೆ ಹೋಗಿ ಕೆಳಗೆ ತಿರುಗುವ ಆ ಗಳಿಗೆಯಲ್ಲಿ ಪದರ ತೆಳುವಾಗಿ ಲೋಹದ ತುದಿಗಳು ಒಂದನ್ನೊಂದು ತಾಗುತ್ತವೆ. ವೇಗ, ಭಾರ, ಎಣ್ಣೆಯ ಮಂದತೆ ಇವುಗಳೊಂದಿಗೆ ಘರ್ಷಣೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಜರ್ಮನಿಯ ಸ್ಟ್ರೈಬೆಕ್ 1902ರಲ್ಲಿ ವಿವರವಾಗಿ ಅಳೆದು ತೋರಿಸಿದರು. ತುದಿಗಳು ತಗ್ಗಿದ ಮೇಲೆ ತೆಳ್ಳಗಿನ ಪದರವೂ ಸಾಕಾಗುತ್ತದೆ, ಕಡಿಮೆ ವೇಗದಲ್ಲೇ ಎಣ್ಣೆ ಭಾರ ಹೊರುತ್ತದೆ. ರನ್ನಿಂಗ್-ಇನ್ನಿನ ಗುಟ್ಟು ಇದೇ.

ಇನ್ನೊಂದು ಮಾತು. ಆಯಿಲಿನಲ್ಲಿ ಬೆರೆಸಿರುವ ಸತು ಮತ್ತು ರಂಜಕದ ಸಂಯುಕ್ತವೊಂದು, ತಿಕ್ಕಾಟದ ಜಾಗದಲ್ಲೇ, ಆ ಶಾಖ ಮತ್ತು ಒತ್ತಡದಲ್ಲೇ ಒಡೆದು ಲೋಹದ ಮೇಲೆ ರಕ್ಷಣೆಯ ಪೊರೆಯೊಂದನ್ನು ಕಟ್ಟುತ್ತದೆ. ಅದರ ದಪ್ಪ ಸುಮಾರು 100 ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಅಂಥ ನೂರಾರು ಪೊರೆಗಳನ್ನು ಒಂದರ ಮೇಲೊಂದು ಇಡಬಹುದು. ತಿಕ್ಕಾಟವೇ ಇಲ್ಲದಿದ್ದರೆ ಈ ಪೊರೆ ಸರಿಯಾಗಿ ಕಟ್ಟುವುದೂ ಇಲ್ಲ.

ಅತಿ ಮುದ್ದೂ ಕೆಟ್ಟದ್ದೇ

ನಮ್ಮ ಘಾಟಿನ ಕಥೆ ಕೇಳಿ ನೀವು, "ಹಾಗಾದರೆ ಹೊಸ ಗಾಡಿಯನ್ನು ಆದಷ್ಟು ಮೆಲ್ಲಗೆ ಓಡಿಸಬೇಕು" ಎಂದುಕೊಳ್ಳಬಹುದು. ಅದೂ ತಪ್ಪು.

ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಒಬ್ಬ ಕಾಕಾ ಇದ್ದರು. ನಿವೃತ್ತಿಯ ಹಣದಲ್ಲಿ ಕಾರು ಕೊಂಡರು. ಅದರ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ ಗೇಟಿನ ಹೊರಗೆ ತೆಗೆಯಲು ಮನಸ್ಸಿಲ್ಲ. ದಿನಾ ಬೆಳಗ್ಗೆ ಕವರ್ ತೆಗೆದು, ಒರೆಸಿ, ನಿಂತಲ್ಲೇ ಇಪ್ಪತ್ತು ನಿಮಿಷ ಇಂಜಿನ್ ಓಡಿಸಿ ಮತ್ತೆ ಕವರ್ ಹಾಕುತ್ತಿದ್ದರು. ಭಾನುವಾರ ಮಾತ್ರ ದೇವಸ್ಥಾನದವರೆಗೆ ಇರುವೆಯ ನಡಿಗೆ. ವರ್ಷ ಕಳೆಯುವಷ್ಟರಲ್ಲಿ ಕಾರು ನೀಲಿ ಹೊಗೆ ಬಿಡತೊಡಗಿತು, ಆಯಿಲ್ ಕುಡಿಯತೊಡಗಿತು. ಮೆಕ್ಯಾನಿಕ್ ಬಿಚ್ಚಿ ನೋಡಿ, "ಕಾಕಾ, ರಿಂಗುಗಳು ಕೂತೇ ಇಲ್ಲ" ಎಂದ.

ಕಾರಣ ಹೀಗೆ. ಸಿಲಿಂಡರಿನ ಒಳಗೋಡೆಯ ಮೇಲೆ ಕಾರ್ಖಾನೆಯಲ್ಲಿ ಬೇಕೆಂತಲೇ ಜಾಲರಿಯಂತೆ ಸಣ್ಣ ಗೀರುಗಳನ್ನು ಹಾಕಿರುತ್ತಾರೆ. ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು, ಗೀರಿನ ಏಣು ಸವೆದು ಪಿಸ್ಟನ್ನಿನ ರಿಂಗಿಗೆ ಕೂರುವ ಜಾಗವಾಗಬೇಕು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ಉರಿಯುವ ಅನಿಲದ ಒತ್ತಡದ್ದೇ ದೊಡ್ಡ ಪಾಲು. ಇಂಜಿನ್ನಿಗೆ ಕೆಲಸವನ್ನೇ ಕೊಡದಿದ್ದರೆ ಆ ಒತ್ತಡ ಬರುವುದಿಲ್ಲ, ರಿಂಗು ಗೋಡೆಗೆ ಒತ್ತುವುದಿಲ್ಲ, ಏಣು ಸವೆಯುವುದಿಲ್ಲ. ನಡುವೆ ಉಳಿದ ಎಣ್ಣೆ ಕಾದು, ಕಾವಲಿಯ ಮೇಲೆ ಹತ್ತಿದ ಜಿಡ್ಡಿನಂತೆ ಗಟ್ಟಿಯಾಗಿ ಗೀರುಗಳನ್ನೇ ಮುಚ್ಚಿಬಿಡುತ್ತದೆ. ಕಾಕಾ ಅವರ ಕಾರಿನ ಸಿಲಿಂಡರಿಗೆ ಮತ್ತೆ ಗೀರು ಹಾಕಿಸಿ ಹೊಸ ರಿಂಗ್ ಕೂರಿಸಬೇಕಾಯಿತು. ಸುಖವಾಗಿರಲಿ ಎಂದು ಇಟ್ಟದ್ದೇ ಅದಕ್ಕೆ ಕುತ್ತಾಯಿತು.

ಆದ್ದರಿಂದ ಬಲ್ಲವರು ಹೇಳುವುದು ನಡುದಾರಿ. ಹೊಸ ಇಂಜಿನ್ನಿಗೆ ಕೆಲಸ ಕೊಡಬೇಕು, ಅತಿ ಭಾರ ಹೇರಬಾರದು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದೆ ಏರಿಸುತ್ತ ಇಳಿಸುತ್ತ ಇರಬೇಕು. ನಡುನಡುವೆ ಆರಲು ಬಿಡಬೇಕು. ಮೊದಲ ಸರ್ವಿಸಿಂಗ್ ತಪ್ಪಿಸಬಾರದು, ಆ ಪುಡಿಯೆಲ್ಲ ಇರುವ ಮೊದಲ ಆಯಿಲನ್ನು ಚೆಲ್ಲಿ ಹೊಸದು ಹಾಕಬೇಕು. ಇಂಜಿನ್ ಮಾತ್ರವಲ್ಲ, ಹೊಸ ಟೈರು ಮೊದಲು ಜಾರುತ್ತದೆ, ಹೊಸ ಬ್ರೇಕು ಪೂರ್ತಿ ಹಿಡಿಯಲು ಒಂದಿಷ್ಟು ದೂರ ಬೇಕು.

ನಮ್ಮ ಚಿರಂಜೀವಿಯ ಮಾತಿನಲ್ಲೂ ಸತ್ಯ ಇಲ್ಲದಿಲ್ಲ. ಈಗ ಲೋಹವನ್ನು ಎಷ್ಟೋ ನಾಜೂಕಾಗಿ ನಯ ಮಾಡುತ್ತಾರೆ. ಸಿಲಿಂಡರಿನ ಏಣುಗಳನ್ನು ಕಾರ್ಖಾನೆಯಲ್ಲೇ ಬಹುಪಾಲು ತಗ್ಗಿಸಿ ಕಳಿಸುತ್ತಾರೆ. 40ರ ಕಟ್ಟುಪಾಡು ಈಗಿಲ್ಲ. ವಿದ್ಯುತ್ ಸ್ಕೂಟರಿಗಂತೂ ಪಿಸ್ಟನ್ನೇ ಇಲ್ಲ. ನಮ್ಮ ಕಾಲದ ಚೇತಕ್ ಕೂಡ 2020ರಲ್ಲಿ ವಿದ್ಯುತ್ ಗಾಡಿಯಾಗಿ ಮರುಹುಟ್ಟು ಪಡೆಯಿತು. ಆದರೂ ಅದರಲ್ಲಿ ಬೇರಿಂಗ್ ಇದೆ, ಗಿಯರ್ ಇದೆ, ಬ್ರೇಕ್ ಇದೆ. ಉಜ್ಜುವುದು ಇರುವ ತನಕ ಹೊಂದಿಕೊಳ್ಳುವುದೂ ಇರುತ್ತದೆ. ಅವನ ಗಾಡಿಯ ಜೊತೆ ಬಂದ ಪುಸ್ತಕವನ್ನೇ ತೆಗೆದು ಅವನ ಕೈಗಿಟ್ಟೆ. ಮೊದಲ ಸಾವಿರ ಕಿಲೋಮೀಟರ್ ಪೂರ್ತಿ ವೇಗ ಬೇಡ ಎಂದು ಅಚ್ಚುಹಾಕಿದ್ದರು. ಅವನು ಮುಖ ಊದಿಸಿಕೊಂಡು ಓದಿದ.

ಇದೇನು ಗಂಡಹೆಂಡಿರು ಹುಡುಗನನ್ನು ತಡೆಯಲು ಹೂಡಿದ ನೆಪವಲ್ಲ. ಉಜ್ಜಾಟ, ಸವೆತ, ಎಣ್ಣೆ ಇವನ್ನೆಲ್ಲ ಕೂಡಿಸಿದ ಶಾಸ್ತ್ರಕ್ಕೆ ಟ್ರೈಬಾಲಜಿ ಎಂದು ಹೆಸರು ಬಂದದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ಅವರ ವರದಿಯಿಂದ. ಗ್ರೀಕ್ ಭಾಷೆಯಲ್ಲಿ ಟ್ರೈಬೋಸ್ ಎಂದರೆ ಉಜ್ಜುವುದು. 2017ರಲ್ಲಿ ಇಬ್ಬರು ವಿಜ್ಞಾನಿಗಳು ಹಾಕಿದ ಲೆಕ್ಕದ ಪ್ರಕಾರ ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ನೂರಕ್ಕೆ 20 ಪಾಲು ಘರ್ಷಣೆಯನ್ನು ಗೆಲ್ಲುವುದಕ್ಕೇ ಹೋಗುತ್ತದೆ. ಇನ್ನೂ 3 ಪಾಲು ಸವೆದ ಭಾಗಗಳನ್ನು ಮತ್ತೆ ಮಾಡಿಕೊಳ್ಳುವುದಕ್ಕೆ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಕಡೆ ಗಮನ ಕೊಟ್ಟರೆ ಮಾಡುವ ಕೆಲಸ ಬೇಕಾದಷ್ಟಿದೆ.

ಮೊದಲ ಆಯಿಲ್ ಚೆಲ್ಲಬೇಕು

ಹೆಂಗಸು ಬರೆದ ಮೇಲೆ ಸಂಸಾರದ ಮಾತು ಬಾರದಿದ್ದರೆ ಹೇಗೆ? 1992ರಲ್ಲಿ ಧಾರವಾಡದಿಂದ ಈ ಊರಿಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಭಾಜಿವಾಲಿಯ ಜೊತೆ ಚೌಕಾಸಿ ಮಾಡಲಾರದೆ ಕೇಳಿದಷ್ಟು ಕೊಟ್ಟು ಬರುತ್ತಿದ್ದೆ. ಅತ್ತೆಯವರ ಅಡುಗೆಯ ರೀತಿ ಬೇರೆ, ನಮ್ಮ ಮನೆಯದು ಬೇರೆ. ಮೊದಲ ಆರು ತಿಂಗಳು ಸಣ್ಣ ಸಣ್ಣದಕ್ಕೆ ಮಾತು ಬೆಳೆಯುತ್ತಿತ್ತು, ರಾತ್ರಿ ಅಳುತ್ತಿದ್ದೆ. ವಾಪಸು ಹೋಗಿಬಿಡಲೇ ಎಂದು ಅವ್ವನಿಗೆ ಕಾಗದ ಬರೆದು, ಪೋಸ್ಟ್ ಮಾಡದೆ ಹರಿದದ್ದೂ ಉಂಟು. ಪಕ್ಕದ ಮನೆಯ ಮರಾಠಿ ವಹಿನಿ ದಿನಾ ಸಂಜೆ ಚಹಾಕ್ಕೆ ಕರೆದು ನಾಲ್ಕು ಮಾತು ಕಲಿಸುತ್ತಿದ್ದರು. ಅದು ನನ್ನ ಪಾಲಿನ ಕೀಲೆಣ್ಣೆ.

ಈಗ ತಿರುಗಿ ನೋಡಿದರೆ ಅತ್ತೆಯವರೂ ನಾನೂ ಅಂದು ಆಡಿದ ಮಾತುಗಳಲ್ಲಿ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಒಂದು ದಿನ ಅವರೇ, "ಆಗಿದ್ದು ಆತು, ಬಿಡು" ಎಂದರು. ಮುಂದೆ ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆವು. ಮೊದಲ ಆಯಿಲ್ ಚೆಲ್ಲದಿದ್ದರೆ ಅದರಲ್ಲಿನ ಪುಡಿಯೇ ಮುಂದಿನದನ್ನು ಕೆರೆಯುತ್ತದೆ.

ನಿಮ್ಮಲ್ಲಿ ಹಲವರು ಹೊಸ ಕೆಲಸಕ್ಕೆ, ಹೊಸ ಹಾಸ್ಟೆಲಿಗೆ, ಹೊಸ ಮನೆಗೆ ಹೋಗುವವರು. ಮೂರನೇ ತಿಂಗಳಿಗೇ "ನನಗಿದು ಹೊಂದುವುದಿಲ್ಲ" ಎಂದು ಫೋನು ಬರುವುದನ್ನು ನಾನು ಕೇಳಿದ್ದೇನೆ. ಎಲ್ಲ ಕಡೆಯೂ ಇದ್ದು ಸಹಿಸಿಕೊಳ್ಳಿ ಎಂದು ನಾನು ಹೇಳಲಾರೆ. ಕೆಲವು ಕಡೆ ಕಚ್ಚಿಕೊಂಡು ನಿಲ್ಲುವುದೇ ಅಪಾಯ, ಅಲ್ಲಿಂದ ಬರಲೇಬೇಕು. ಆದರೆ ಮೊದಮೊದಲ ಸದ್ದನ್ನೆಲ್ಲ ಮುರಿದ ಸದ್ದು ಎಂದು ತಿಳಿಯಬೇಡಿ. ತಂದೆ ತಾಯಂದಿರಿಗೂ ಒಂದು ಮಾತು: ನಮ್ಮ ಕಾಕಾ ಅವರ ಕಾರಿನ ಹಾಗೆ ಮಕ್ಕಳನ್ನು ಕವರ್ ಹಾಕಿ ಇಡಬೇಡಿ.

ಧಾರವಾಡಕ್ಕೆ ಹೋದದ್ದು

ಅಂದು ಮಗ ಅಜ್ಜಿಗೆ ಫೋನು ಮಾಡಿ, ಬರುವುದು ತಡವಾಗುತ್ತದೆ ಎಂದ. ನನ್ನ ಅವ್ವನಿಗೆ 84 ವರ್ಷ. ಬೇಸರ ಮಾಡಿಕೊಳ್ಳುತ್ತಾಳೆಂದು ನಾನು ಹೆದರಿದ್ದೆ. ಅವಳು ನಕ್ಕುಬಿಟ್ಟಳು. "ಹೊಸಾ ಹೋರಿಗೆ ಮೊದಲ ದಿನಾನ ಸಂತಿ ಬಂಡಿ ಹೂಡ್ತಾರೇನೋ? ತಡಾ ಆದ್ರ ಆಗವಲ್ದ್ಯಾಕ. ನಾ ಎಲ್ಲಿ ಹೋಗ್ತೀನಿ? ನೆಟ್ಟಗ ಬಾ."

ಮುಂದಿನ ಮೂರು ವಾರ ಅವನು ಮುಳಶಿಯ ಕಡೆ, ಸಿಂಹಗಡದ ಕಡೆ, ದಿನಾ ಆಫೀಸಿಗೆ, ಹೀಗೆ ಏರಿಸಿ ಇಳಿಸಿ ಓಡಿಸಿದ. ಮೊದಲ ಸರ್ವಿಸಿಂಗಿನ ದಿನ ನನ್ನನ್ನೂ ಕರೆದುಕೊಂಡು ಹೋದ. ಕೆಳಗಿಟ್ಟ ತಟ್ಟೆಗೆ ಹಳೆಯ ಆಯಿಲ್ ಇಳಿಯುತ್ತಿತ್ತು. "ಅಮ್ಮಾ, ಇಲ್ಲಿ ನೋಡ" ಎಂದು ತೋರಿಸಿದ. ಕಪ್ಪು ಎಣ್ಣೆಯಲ್ಲಿ ಬಿಸಿಲು ಬಿದ್ದ ಕಡೆ ಬೆಳ್ಳಿಯ ಪುಡಿಯಂತೆ ಸಣ್ಣಗೆ ಮಿನುಗುತ್ತಿತ್ತು. ಸವೆದು ಹೋದ ಆ ತುದಿಗಳೇ! ಇಬ್ಬರೂ ಬಗ್ಗಿ ನೋಡಿದೆವು. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೀಟರ್ ಸಾವಿರ ದಾಟಿದ ಮರುವಾರ ಅವನು ಧಾರವಾಡಕ್ಕೆ ಹೊರಟ. ಕಾತ್ರಜ್ ದಾಟಿ ಒಂದು ಫೋನು, ಕೊಲ್ಹಾಪುರದಿಂದ ಒಂದು. ಸಂಜೆಯ ಫೋನು ಅವನದಲ್ಲ, ಅವ್ವನದು. ಗಾಡಿಗೆ ತಾನೇ ಕುಂಕುಮ ಹಚ್ಚಿದಳಂತೆ. ಅಷ್ಟಕ್ಕೇ ಬಿಡದೆ ಹಿಂದೆ ಕುಳಿತು ಓಣಿಯ ತುದಿಯವರೆಗೆ ಒಂದು ಸುತ್ತು ಹೋಗಿ ಬಂದಳಂತೆ.

"ಸದ್ದs ಇಲ್ಲ ನೋಡವಾ, ಬೆಣ್ಣ್ಯಾಗ ಹೋದಂಗ ಹೋತು" ಎಂದಳು.

ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರ್ ಮಡಿಚಿ, ನನ್ನ ಮೊಣಕಾಲಿನ ಕಡೆ ಒಮ್ಮೆ ನೋಡಿ, ಮತ್ತೆ ಪೇಪರ್ ಬಿಚ್ಚಿದರು.